ಅತಿಥಿಗಳು ಒಳಬರುವ ಬಗೆ

ಪುಲ್ಪಳ್ಳಿ
11 ಮೇ 2025

ಅವ್ವ,

ಬಾಬು ನಾಳೆ ಬೆಳಿಗ್ಗೆ ಅವನ ಗಾಡಿಗೆ ತರಕಾರಿ ತುಂಬಿಸಿಕೊಳ್ಳಲು ಗುಂಡ್ಲುಪೇಟೆಗೆ ಬರುತ್ತಾನೆ. ಅವನ ಕೈಯಲ್ಲಿ ಈ ಕಾಗದ ಕೊಡುತ್ತಿದ್ದೇನೆ. ಫೋನಿರುವಾಗ ಇದೇಕೆ ಎಂದು ದೊಡ್ಡಮ್ಮ ಕೇಳಬಹುದು. ಫೋನಿನಲ್ಲಿ ನಾವಿಬ್ಬರೂ ಸಾರು ಏನು, ಮಳೆ ಬಂತಾ ಎಂದು ಕೇಳಿ ಇಟ್ಟುಬಿಡುತ್ತೇವೆ. ಇಟ್ಟ ಮೇಲೆ ಕೇಳಬೇಕಾದದ್ದು ನೆನಪಾಗುತ್ತದೆ. ಶಾಲೆಯಲ್ಲಿ ಮಲಯಾಳ ಕಲಿತವಳಿಗೆ ಮನೆಯಲ್ಲಿ ಕನ್ನಡ ತಿದ್ದಿಸಿದವಳು ನೀನು. ಒತ್ತಕ್ಷರ ತಪ್ಪಿದ್ದರೆ ಅದು ನಿನ್ನ ಲೆಕ್ಕಕ್ಕೆ.

ದೊಡ್ಡಮ್ಮನ ಕಾಲು ಹೇಗಿದೆ? ವಿಷು ಹಬ್ಬ ಕಳೆದ ಮರುವಾರ ಅವಳು ಬಾವಿಕಟ್ಟೆಯ ಬಳಿ ಬಿದ್ದ ಸುದ್ದಿ ಬಂತು. ಅಕ್ಕನ ಕಾಲು ನೆಟ್ಟಗಾಗುವ ತನಕ ಎಂದು ನೀನು ಒಂದೇ ಚೀಲ ಹಿಡಿದು ಹೋದೆ. ಉಪ್ಪಿನಲ್ಲಿ ಹಾಕಿಟ್ಟ ಮಾವಿನಕಾಯಿ ಜಾಡಿಯಲ್ಲಿ ಹಾಗೇ ಇದೆ. ಯಾರೂ ಮುಟ್ಟಿಲ್ಲ.

ಪೆರಿಕಲ್ಲೂರಿನ ನಮ್ಮ ಹೊಳೆದಂಡೆಯ ಮನೆಗೆ ಜನ ಬರುವುದು ನಿಂತಿಲ್ಲ. ನೀನಿದ್ದಾಗ ಮುಂದಿನ ಎರಡು ಕೋಣೆ ಬಾಡಿಗೆಯವರಿಗೆ, ಅಡುಗೆಮನೆ ಪಕ್ಕದ್ದು ನಿನಗೆ. ಜನ ಬರುತ್ತಿದ್ದರು, ನೀನು ಬಾಗಿಲು ತೆಗೆಯುತ್ತಿದ್ದೆ. ಬಾಗಿಲು ತೆಗೆಯುವುದು ಒಂದು ಕೆಲಸವೆಂದೇ ನನಗೆ ತಿಳಿದಿರಲಿಲ್ಲ. ಈಗ ಸೊಸೈಟಿಯಲ್ಲಿ ಕೌಂಟರನ್ನು ಇನ್ನೊಬ್ಬರಿಗೆ ಒಪ್ಪಿಸಿ, ಸ್ಕೂಟರ್ ಹತ್ತಿ ಹೋಗುತ್ತೇನೆ. ನಿನ್ನ ಅಳಿಯ ಸಜೀವ್ ತೋಲ್ಪೆಟ್ಟಿ ಕಾಡಿನ ಗೇಟಿಗೆ ಸಫಾರಿ ಜೀಪು ತೆಗೆದುಕೊಂಡು ಹೋದರೆ ಸಂಜೆಯ ತನಕ ಸಿಗುವುದಿಲ್ಲ. ಮೊನ್ನೆ ಮೈಸೂರಿನವರು ನಾಲ್ಕಕ್ಕೆ ಬರುತ್ತೇವೆಂದವರು ಕತ್ತಲಾದ ಮೇಲೆ ಬಂದರು. ಪೊನ್ಕುಳಿ ದೇವಸ್ಥಾನದ ಹತ್ತಿರ ಆನೆ ನೋಡುತ್ತ ನಿಂತುಬಿಟ್ಟರಂತೆ. ನಾನು ಜಗಲಿಯಲ್ಲಿ ಕೂತು ಸೊಳ್ಳೆ ಹೊಡೆದೆ. ಇಷ್ಟು ವರ್ಷ ನೀನು ಕಾಯುತ್ತಿದ್ದಾಗ ಏನು ಮಾಡುತ್ತಿದ್ದೆ ಎಂದು ಆಗ ಅನ್ನಿಸಿತು.

ಬುಕಿಂಗ್ ಸೈಟಿನವರು ಈಗ ಒಂದು ಪ್ರಶ್ನೆ ಕಳಿಸಿದ್ದಾರೆ. ಅತಿಥಿಗಳು ಮನೆಯೊಳಗೆ ಬರುವುದು ಹೇಗೆ? ಗೋಡೆಗೆ ಒಂದು ಸಣ್ಣ ಪೆಟ್ಟಿಗೆ ಜಡಿದು, ನಂಬರು ತಿರುಗಿಸಿದರೆ ತೆರೆಯುವ ಹಾಗೆ ಮಾಡಿ, ಅದರೊಳಗೆ ಕೀ ಇಡಬಹುದು. ಬಾಗಿಲಿಗೇ ನಂಬರು ಒತ್ತುವ ಬೀಗ ಹಾಕಿಸಬಹುದು. ಫೋನಿನಿಂದ ತೆರೆಯುವ ಬೀಗವೂ ಇದೆ. ಇಲ್ಲವೆಂದರೆ ‘ಕಟ್ಟಡದಲ್ಲಿರುವ ಸಿಬ್ಬಂದಿ’ ಕೀ ಕೊಡುತ್ತಾರೆ ಎಂದು ಹೇಳಬೇಕು. ಇಷ್ಟು ದಿನ ನಾವು ಗುರುತು ಹಾಕಿದ್ದು ಪಟ್ಟಿಯ ಕೊನೆಯ ಸಾಲಿಗೆ: ‘ಮನೆಯವರೇ ಬರಮಾಡಿಕೊಳ್ಳುತ್ತಾರೆ.’

“ಅಮ್ಮ ಸಿಬ್ಬಂದಿಯೋ, ಮನೆಯವರೋ?” ಎಂದು ಸಜೀವ್ ಕೇಳಿದ. ತಮಾಷೆಗೆ.

ಯಾವುದಕ್ಕೆ ಗುರುತು ಹಾಕಲಿ? ನೀನು ಬರುವ ದಿನ ತಿಳಿದರೆ ಯಾವುದೂ ಬೇಕಾಗುವುದಿಲ್ಲ.

ನಿನ್ನ
ಅರ್ಚನಾ


ಗುಂಡ್ಲುಪೇಟೆ
24 ಮೇ 2025

ಕೂಸೇ,

ನಿನ್ನ ಕಾಗದ ಬಂತು. ಬಾಬು ಅದನ್ನು ಟೊಮೇಟೊ ಕ್ರೇಟಿನ ಸಂದಿಯಲ್ಲಿ ತುರುಕಿ ತಂದಿದ್ದ. ಒಂದು ಮೂಲೆ ಕೆಂಪು. ಅಕ್ಕ ಎರಡು ಸಲ ಓದಿಸಿಕೊಂಡಳು. ಒತ್ತಕ್ಷರ ಎಲ್ಲ ಸರಿ ಇದೆ.

ಅಕ್ಕನ ಪ್ಲಾಸ್ಟರ್ ಬಿಚ್ಚಿದರು. ಈಗ ದಿನಾ ಎಣ್ಣೆ ಹಚ್ಚಿ ನೀವಬೇಕು. ಬಗ್ಗಬಾರದು ಎಂದಿದ್ದಾರೆ. ಚೆಂಡುಹೂವಿನ ಸಸಿ ಇಡುವ ಹೊತ್ತು ಇದು. ಆಳು ಸಿಕ್ಕುವುದಿಲ್ಲ. ಓಣಂಗೆ ಹೂ ಬೇಕು ಎಂದು ನಿಮ್ಮ ಕಡೆಯ ವ್ಯಾಪಾರದವರು ಈಗಲೇ ಬಂದು ಹೊಲ ನೋಡಿಕೊಂಡು ಹೋಗುತ್ತಾರೆ. ಸಸಿ ಇಟ್ಟು ಮುಗಿಯಲಿ.

ಕೀ ವಿಷಯ. ಫೋನಿನ ಬೀಗ ಬೇಡ. ಮಳೆಗಾಲದಲ್ಲಿ ಒಂದು ಮರ ತಂತಿಯ ಮೇಲೆ ಬಿದ್ದರೆ ಕರೆಂಟು ಯಾವಾಗ ಬರುತ್ತದೆ ಎಂದು ದೇವರಿಗೂ ಗೊತ್ತಿರುವುದಿಲ್ಲ. ಬೀಗವೂ ಫೋನೂ ಒಟ್ಟಿಗೆ ಸತ್ತರೆ ಬಂದವರು ಹೊಳೆ ನೋಡಿಕೊಂಡು ಕೂರಬೇಕು. ಪೆಟ್ಟಿಗೆಯೂ ಬೇಡ. ಕೀಯನ್ನು ಪೆಟ್ಟಿಗೆಯಲ್ಲಿಟ್ಟು ಪೆಟ್ಟಿಗೆಯನ್ನು ಬೀದಿಗೆ ಕಾಣುವ ಹಾಗೆ ನೇತುಹಾಕುವುದು ಯಾವ ಬುದ್ಧಿವಂತರ ಕೆಲಸ? ಕಾಳನ್ ಕೈಗೆ ಕೊಡು. ದೋಣಿ ನಡೆಸುವವನು, ದೋಣಿ ಕಟ್ಟುವ ಕಡವು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ನಮ್ಮ ಜಗಲಿಯಿಂದ ಕೂಗಿದರೆ ಕೇಳುತ್ತದೆ.

ಮಳೆ ಹಿಡಿದ ಮೇಲೆ ಬಾಗಿಲು ಉಬ್ಬುತ್ತದೆ. ಹಲಸಿನ ಮರ, ನಿನ್ನ ಅಜ್ಜಿಯ ಕಾಲದ್ದು. ಬೀಗ ತೆಗೆದರೆ ಸಾಲದು, ಹಿಡಿಯನ್ನು ಮೇಲಕ್ಕೆ ಎತ್ತಿ ಎಡ ಸೊಂಟ ಕೊಟ್ಟು ತಳ್ಳಬೇಕು. ಕಾಳನ್‌ಗೆ ಗೊತ್ತಿದೆ.

ಮಾವಿನಕಾಯಿ ತೆಗೆದು ತಿನ್ನಿ. ನನಗಾಗಿ ಇಡಬೇಡಿ, ಹುಳಿ ಹೆಚ್ಚಾಗುತ್ತದೆ.

ಅವ್ವ


ಪುಲ್ಪಳ್ಳಿ
20 ಜೂನ್ 2025

ಅವ್ವ,

ಕಾಳನ್ ಸಮಾಚಾರ ಬರೆಯುತ್ತೇನೆ. ಕೂತುಕೊಂಡು ಓದು.

ಮೊದಲಿಗೆ ಎಲ್ಲ ನಡೆಯಿತು. ನಡೆಯಿತು ಎಂದರೆ, ಬಂದವರ ಜೊತೆ ಅವನೂ ಒಳಗೆ ಹೋಗಿ, ಫ್ಯಾನ್ ಹಾಕಿ, ಅದರ ಕೆಳಗೆ ತಾನೇ ಕೂತು, ಯಾವ ಊರು, ಮದುವೆಯಾಗಿ ಎಷ್ಟು ವರ್ಷವಾಯಿತು, ಮಕ್ಕಳು ಯಾಕಿಲ್ಲ ಎಂದು ಕೇಳಿದ್ದಾನೆ. ಅವರು ಸೈಟಿನಲ್ಲಿ ಬರೆದರು: ಮನೆ ಚೆನ್ನಾಗಿದೆ, ಹೊಳೆ ಚೆನ್ನಾಗಿದೆ, ಕೀ ಕೊಡುವ ಹಿರಿಯರು ಒಳ್ಳೆಯವರು, ಆದರೆ ಹೋಗುವುದಿಲ್ಲ.

ಕಳೆದ ವಾರ ಬೆಂಗಳೂರಿನ ಗಂಡಹೆಂಡತಿ ಬರುವವರಿದ್ದರು. ಅದೇ ಮಧ್ಯಾಹ್ನ ಕಾಳನ್ ಆಚೆ ದಡದ ಬೈರಕುಪ್ಪೆಗೆ ಬೀಡಿ ತರಲು ಹೋದ. ಮೇಲೆ ಕಾಡಿನಲ್ಲಿ ಮಳೆ ಹೊಡೆದಿತ್ತು. ಅವನು ಬೀಡಿ ಕೊಂಡು ತಿರುಗುವಷ್ಟರಲ್ಲಿ ಹೊಳೆ ಕೆಂಪಗೆ ಏರಿ ದೋಣಿ ನಿಂತಿತು. ಕೀ ಅವನ ಸೊಂಟದಲ್ಲಿ. ಇನ್ನೊಂದು ಕೀ ನಿನ್ನ ಚೀಲದಲ್ಲಿ ಗುಂಡ್ಲುಪೇಟೆಗೆ ಹೋಗಿದೆಯೆಂದು ನನಗೆ ಹೊಳೆದದ್ದು ಆಗಲೇ. ನಾನು ಅಲ್ಲಿಗೆ ಮುಟ್ಟಿದಾಗ ಅವರಿಬ್ಬರೂ ಸೂಟ್‌ಕೇಸುಗಳ ಜೊತೆ ಕಡವಿನಲ್ಲಿ ನಿಂತಿದ್ದರು. ಆಚೆ ಕಡೆ ಕಾಳನ್ ಕೀಯನ್ನು ಎತ್ತಿ ಹಿಡಿದು ತೋರಿಸುತ್ತಿದ್ದ, ಕಳೆದಿಲ್ಲ, ಹೆದರಬೇಡಿ ಎನ್ನುವ ಹಾಗೆ.

“ಮನೆ ಕೇರಳದಲ್ಲಿ, ಕೀ ಕರ್ನಾಟಕದಲ್ಲಿ,” ಎಂದ ಆ ಗಂಡಸು. ನಕ್ಕ ಎಂದು ಬರೆಯಬಹುದಿತ್ತು. ನಗಲಿಲ್ಲ.

ಅವರನ್ನು ಪುಲ್ಪಳ್ಳಿಯ ನಮ್ಮ ಮನೆಗೆ ಕರೆತಂದು ಮಲಗಿಸಿದೆ. ಸಜೀವ್ ಕೋಳಿ ಮಾಡಿದ, ಆಮೇಲೆ ಸ್ವಲ್ಪ ನಕ್ಕರು. ಮರುದಿನ ನೀರು ಇಳಿದ ಮೇಲೆ ಕಾಳನ್ ಬಂದ. ಗದರಿಸಿದೆ. “ಎನ್ನ ಯಾಕೆ ಬೈಯುವುದು ಮಗಳೇ, ಕೀ ಎಲ್ಲಿಗೂ ಹೋಗಲಿಲ್ಲ, ಹೋದದ್ದು ಹೊಳೆಯಲ್ಲವಾ,” ಎಂದ.

ಕೊನೆಗೆ ಪೆಟ್ಟಿಗೆಯನ್ನೇ ತರಿಸಿದೆ. ಜಗಲಿಯ ಕಂಬದ ಹಿಂದೆ, ಬೀದಿಗೆ ಕಾಣದ ಹಾಗೆ ಜಡಿಸಿದ್ದೇನೆ. ಬಂದವರಿಗೆ ಫೋನಿಗೆ ನಂಬರು ಕಳಿಸಿದರೆ ಆಯಿತು. ಸೈಟಿನಲ್ಲಿ ಮಾತ್ರ ಇನ್ನೂ ‘ಮನೆಯವರೇ ಬರಮಾಡಿಕೊಳ್ಳುತ್ತಾರೆ’ ಎಂದೇ ಇದೆ. ಎರಡು ಸಲ ಬದಲಿಸಲು ಕೂತೆ. ಒಂದು ಗುರುತು ತೆಗೆದು ಇನ್ನೊಂದು ಕಡೆ ಹಾಕುವುದು, ಅಷ್ಟೇ. ಬೆರಳು ಅಲ್ಲಿಯ ತನಕ ಹೋಗಿ ವಾಪಸು ಬಂತು. ಅದನ್ನು ಬದಲಿಸಿದ ಮೇಲೆ ನಿನಗೆ ಬರುವುದಕ್ಕೆ ಒಂದು ಕಾರಣ ಕಡಿಮೆಯಾಗುತ್ತದೆ. ಹಾಗೆ ಯೋಚಿಸುವುದು ಸರಿಯಲ್ಲವೆಂದು ಗೊತ್ತು.

ಸಸಿ ಇಟ್ಟು ಮುಗಿದಿರಬೇಕು.

ಅರ್ಚನಾ


ಗುಂಡ್ಲುಪೇಟೆ
3 ಜುಲೈ 2025

ಕೂಸೇ,

ಕಾಳನ್ ಕಥೆ ಓದಿ ಅಕ್ಕ ಕೆಮ್ಮುವ ತನಕ ನಕ್ಕಳು. ಅವನನ್ನು ಬೈಯಬೇಡ.

ಪೆಟ್ಟಿಗೆ ಹಾಕಿದೆ, ಸರಿ. ಆದರೆ ನಂಬರನ್ನು ಕಾಳನ್‌ಗೆ ಹೇಳು. ನಮ್ಮ ಮನೆಯ ಕೀ ಸೂರಿನ ಸಂದಿಯಲ್ಲಿ ಇರುವುದು ಇಡೀ ಕಡವಿಗೆ ಗೊತ್ತಿತ್ತು, ಅದಕ್ಕೇ ಯಾರೂ ಮುಟ್ಟಲಿಲ್ಲ. ಈಗ ಪಕ್ಕದವನಿಗೇ ಹೇಳದ ನಂಬರನ್ನು ಬೆಂಗಳೂರಿನವರಿಗೆ ಹೇಳುತ್ತೀಯ ಎಂದು ತಿಳಿದರೆ ಅವನು ಬಾಯಿ ಬಿಟ್ಟು ಏನೂ ಅನ್ನುವುದಿಲ್ಲ. ನಮ್ಮ ಜಗಲಿ ಹತ್ತುವುದು ಬಿಡುತ್ತಾನೆ, ಅಷ್ಟೆ.

ಸಸಿ ಇಟ್ಟಾಯಿತು. ಈಗ ಕಳೆ. ಅಕ್ಕ ಬೀಳುವ ಮೊದಲೇ ಹಾಕಿದ್ದ ಸೇವಂತಿಗೆ ಬಿಡುತ್ತಿದೆ. ಅವಳ ಬದಲು ನಾನೇ ಬೆಳಿಗ್ಗೆ ಹೂವಿನ ಮಂಡಿಗೆ ಹೋಗುತ್ತೇನೆ. ಮೊದಲ ದಿನ ದಲ್ಲಾಳಿ “ಯಾರಮ್ಮ ನೀವು, ಅವರ ಕೆಲಸದವರಾ?” ಎಂದ. ತಂಗಿ ಎಂದೆ. ಈಗ “ಸಣ್ಣಮ್ಮೋರು ಬಂದ್ರು, ಬೆಲೆ ಇಳಿಸಕ್ಕಾಗಲ್ಲ ಬುಡಿ” ಎಂದು ಬೇರೆಯವರಿಗೆ ಹೇಳುತ್ತಾನೆ. ಹಾಗೆ ಒಬ್ಬರು ಹೇಳುವುದನ್ನು ಕೇಳುವುದು ಒಂಥರಾ ಇರುತ್ತದೆ.

ಮಳೆಯಲ್ಲಿ ಸ್ಕೂಟರ್ ಮೇಲೆ ಓಡಾಡಬೇಡ.

ಅವ್ವ


ಪುಲ್ಪಳ್ಳಿ
29 ಜುಲೈ 2025

ಅವ್ವ,

ನಂಬರನ್ನು ಕಾಳನ್‌ಗೆ ಹೇಳಿದೆ. ಅವನು ಹಾಲಿನವಳಿಗೆ ಹೇಳಿದ. ಹಾಲಿನವಳು ಬಸ್‌ಸ್ಟಾಪಿನ ಚಹಾದಂಗಡಿಯಲ್ಲಿ ಹೇಳಿದಳು. ಈಗ ಪೆರಿಕಲ್ಲೂರಿನಲ್ಲಿ ನಂಬರು ತಿಳಿಯದವರೆಂದರೆ ಬಾಡಿಗೆಗೆ ಬರುವವರು ಮಾತ್ರ. ಅವರು ದಾರಿ ಕೇಳಿದರೆ ಜನ ನಂಬರು ಸೇರಿಸಿಯೇ ಹೇಳುತ್ತಾರಂತೆ.

ಇದಕ್ಕೆ ನಗಬಹುದು. ಮೊನ್ನೆಯದಕ್ಕೆ ನಗು ಬರಲಿಲ್ಲ. ಬಂದವರು ಮೂವರು, ಮಗ, ಸೊಸೆ, ವಯಸ್ಸಾದ ತಾಯಿ. ನಂಬರು ತಿರುಗಿಸಿದ್ದಾರೆ, ಕೀ ಸಿಕ್ಕಿದೆ, ಬೀಗ ತೆರೆದಿದೆ, ಬಾಗಿಲು ತೆರೆದಿಲ್ಲ. ಎತ್ತಿ ತಳ್ಳಬೇಕು ಎಂದು ನಾನು ಬರೆದು ಕಳಿಸಿದ್ದೆ. ಸೊಂಟ ಎಂದು ಬರೆಯಲು ನಾಚಿಕೆಯಾಗಿ ಬರೆದಿರಲಿಲ್ಲ. ಅವರು ಕೈಯಿಂದ ತಳ್ಳಿದ್ದಾರೆ. ಮಳೆ ಅಡ್ಡ ಹೊಡೆಯುತ್ತಿತ್ತು. ಅವರಿಗೆ ನನ್ನ ಫೋನ್ ಸಿಕ್ಕಿಲ್ಲ. ಕಾಳನ್ ನೋಡಿ ಬಂದು ತಳ್ಳಿಕೊಟ್ಟ. ಕೊಟ್ಟು ಹೋಗಿದ್ದರೆ ಸರಿ. ಆ ಮುದುಕಿ ನಡುಗುತ್ತಿದ್ದಳೆಂದು ನೇರ ಅಡುಗೆಮನೆಗೆ ಹೋಗಿ ಹಾಲು ಹಾಕದ ಕಟ್ಟಂಚಾಯ ಮಾಡಿ ಕೊಟ್ಟಿದ್ದಾನೆ. ಅವರು ಬೈದು ಬರೆಯುತ್ತಾರೆ ಎಂದುಕೊಂಡೆ. ಮುದುಕಿ ಹೋಗುವಾಗ ನನಗೆ ಫೋನ್ ಮಾಡಿ, ಈ ಮನೆಯಲ್ಲಿ ಮೊದಲು ಒಬ್ಬ ಹೆಂಗಸು ಇದ್ದರಲ್ಲ, ಸೈಟಿನ ಚಿತ್ರದಲ್ಲಿ ಕಾಣುತ್ತಾರೆ, ಅವರು ಈಗ ಇಲ್ಲವಾ ಎಂದು ಕೇಳಿದಳು. ಇದ್ದಾರೆ ಎಂದೆ. ಎಲ್ಲಿ ಎಂದಳು. ಅಕ್ಕನಿಗೆ ಹುಷಾರಿಲ್ಲ, ನೋಡಲು ಹೋಗಿದ್ದಾರೆ ಎಂದೆ.

ಆ ಹೊತ್ತಿಗೆ ಅದು ನಿಜವಲ್ಲ ಎಂದು ನನಗೆ ತಿಳಿದಿತ್ತು. ಬಾಬು ಹೇಳಿದ, ದೊಡ್ಡಮ್ಮ ಹಾಲಿನ ಡೈರಿಗೆ ತಾನೇ ನಡೆದು ಹೋಗುತ್ತಾಳೆ, ನಿನಗಿಂತ ಬೇಗ. ಅವನು ಚಾಡಿ ಹೇಳಲಿಲ್ಲ, ಸಂತೋಷದಿಂದ ಹೇಳಿದ.

ಮರಗೆಲಸದ ಆಶಾರಿ ಸೋಮನ್ ಬಂದು ಬಾಗಿಲು ನೋಡಿದ. ಅಡಿಯಿಂದಲೂ ಪಕ್ಕದಿಂದಲೂ ಕೀಸಿದರೆ ಮಗು ತಳ್ಳಿದರೂ ತೆರೆಯುತ್ತದೆ ಎಂದ. ಆಮೇಲೆ ನೋಡೋಣ ಎಂದು ಕಳಿಸಿದೆ. ಆ ಬಾಗಿಲು ನಿನ್ನ ತೂಕಕ್ಕೆ ತೆರೆಯುವ ಬಾಗಿಲು. ಅದನ್ನು ಯಾರ ಕೈಗೂ ತೆರೆಯುವ ಹಾಗೆ ಮಾಡಿಬಿಟ್ಟರೆ, ಮತ್ತೆ ನೀನು ಬಂದಾಗ ಏನು ಹೇಳಲಿ?

ಕಾಲು ಕಾರಣವಲ್ಲ ಅಂದರೆ ಕಾರಣ ಯಾವುದು? ಸಜೀವ್ ಏನಾದರೂ ಅಂದನಾ? ನಾನು ಅಂದೆನಾ? ನೀನು ಬರುತ್ತೀಯೋ ಇಲ್ಲವೋ, ಅದೊಂದನ್ನು ಬರೆ. ಹೂವಿನ ಬೆಲೆ ಬರೆಯಬೇಡ.

ಅರ್ಚನಾ


ಗುಂಡ್ಲುಪೇಟೆ
25 ಆಗಸ್ಟ್ 2025

ಕೂಸೇ,

ಬಾಬು ಗಾಡಿಯಲ್ಲಿ ಎರಡು ಬುಟ್ಟಿ ಹೂ ಕಳಿಸಿದ್ದೇನೆ. ಹಳದಿ ಒಂದು, ಕೆಂಪು ಒಂದು. ನಿಮ್ಮ ಬೀದಿಯವರು ಓಣಂಗೆ ಹೂವಿನ ರಂಗೋಲಿ, ಪೂಕಳಂ ಹಾಕುವಾಗ ನಿನ್ನ ಮನೆ ಮುಂದಿನದ್ದು ಸಣ್ಣದಾಗಬಾರದು. ಸಜೀವನ ಅಮ್ಮನಿಗೂ ಕೊಡು. ಬುಟ್ಟಿ ವಾಪಸು ಕಳಿಸು, ಅಕ್ಕನದ್ದು.

ಸಜೀವ ಏನೂ ಅನ್ನಲಿಲ್ಲ. ನೀನೂ ಅನ್ನಲಿಲ್ಲ. ಅವನ ಮೇಲೆ ಅನುಮಾನ ಪಟ್ಟಿದ್ದನ್ನು ಅವನಿಗೆ ಹೇಳಬೇಡ.

ನೀನು ಕೇಳಿದ್ದಕ್ಕೆ ಉತ್ತರ ಬರೆದೆ. ಓದಿ ನೋಡಿದರೆ ಬೇರೆ ಯಾರೋ ಬರೆದ ಹಾಗಿತ್ತು. ಒಲೆಗೆ ಹಾಕಿದೆ.

ಬಾಗಿಲು ಕೀಸಿಸು. ಬಂದವರು ಮಳೆಯಲ್ಲಿ ನಿಲ್ಲಬಾರದು.

ಅವ್ವ


ಪುಲ್ಪಳ್ಳಿ
16 ಸೆಪ್ಟೆಂಬರ್ 2025

ಅವ್ವ,

ಹೂ ಎಲ್ಲರೂ ಹೊಗಳಿದರು. ಬುಟ್ಟಿ ಎರಡೂ ಇದರ ಜೊತೆ ಬರುತ್ತಿವೆ. ಒಂದರಲ್ಲಿ ದೊಡ್ಡಮ್ಮನಿಗೆ ಬಾಳೆಕಾಯಿ ಉಪ್ಪೇರಿ ಇಟ್ಟಿದ್ದೇನೆ, ಸಜೀವನ ಅಮ್ಮ ಕರಿದದ್ದು.

ಓಣಂ ಕಳೆದ ಮೇಲೆ ಸೋಮನ್ ಬಂದು ಬಾಗಿಲು ಇಳಿಸಿದ. ಎರಡು ಕುರ್ಚಿಗಳ ಮೇಲೆ ಅಡ್ಡ ಮಲಗಿಸಿ ಕೀಸಿದ. ಬಾಗಿಲಿಲ್ಲದ ಮನೆಯನ್ನು ನಾನು ಮೊದಲ ಸಲ ನೋಡಿದೆ. ಜಗಲಿಯಿಂದ ನೋಡಿದರೆ ಹಿತ್ತಿಲ ತನಕ ಕಾಣುತ್ತದೆ. ಒಳಗೆ ಬೆಳಕು ಎಷ್ಟು ಬರುತ್ತದೆಂದು ತಿಳಿದಿರಲಿಲ್ಲ. ಚಿಕ್ಕಂದಿನಲ್ಲಿ ಶಾಲೆಯಿಂದ ಬರುವಾಗ ಆ ಚೌಕಟ್ಟಿನಲ್ಲಿ ನೀನು ನಿಂತೇ ಇರುತ್ತಿದ್ದೆ. ನಿನ್ನ ಹಿಂದೆ ಏನಿದೆ ಎಂದು ನೋಡುವ ಅವಕಾಶ ನನಗೆ ಬರಲಿಲ್ಲ. ದೂರು ಹೇಳುತ್ತಿಲ್ಲ. ನೋಡಿದ್ದನ್ನು ಬರೆದೆ.

ಸೋಮನ್ ಕೀಸಿದ ಸುರುಳಿಗಳನ್ನು ಕಾಳನ್ ಒಲೆ ಹೊತ್ತಿಸಲು ಚೀಲದಲ್ಲಿ ತುಂಬಿಕೊಂಡು ಹೋದ. ಹಲಸಿನ ಹಳದಿ. ಇಷ್ಟು ವರ್ಷದ ಮೇಲೂ ಒಳಗೆ ಹಳದಿಯೇ.

ಕೀಸಿದ ಬಾಗಿಲಿಗೆ ಹಳೆಯ ಬೀಗ ಕೂರಲಿಲ್ಲ. ಕೀ ಪೆಟ್ಟಿಗೆಯೂ ಸಾಕಾಗಿತ್ತು, ಒಳಗೆ ಇರುವೆ ಗೂಡು ಕಟ್ಟಿ ಬಂದವರ ಕೈ ಕಚ್ಚುತ್ತಿತ್ತು. ಬಾಗಿಲಿಗೇ ನಂಬರು ಒತ್ತುವ ಬೀಗ ಹಾಕಿಸಿದೆ. ಬ್ಯಾಟರಿಯದ್ದು, ಕರೆಂಟು ಹೋದರೂ ನಡೆಯುತ್ತದೆ, ಫೋನು ಬೇಡ. ಒಬ್ಬರು ಹೋದ ಮೇಲೆ ನಂಬರು ಬದಲಿಸುತ್ತೇನೆ. ಬದಲಿಸಿದ ಕೂಡಲೇ ಕಾಳನ್‌ಗೆ ಹೇಳುತ್ತೇನೆ. ಅದೀಗ ನಮ್ಮ ಪದ್ಧತಿ.

ಸೈಟಿನಲ್ಲಿಯೂ ಗುರುತು ಬದಲಿಸಿದೆ. ಇನ್ನು ಮೇಲೆ ಅತಿಥಿಗಳು ತಾವೇ ಒಳಬರುತ್ತಾರೆ. ಅದನ್ನು ಒತ್ತುವಾಗ ಸಜೀವ್ ಪಕ್ಕದಲ್ಲಿ ಕೂತಿದ್ದ. ಎದ್ದು ಹೋಗಲಿಲ್ಲ.

ನಿನ್ನ ಕೋಣೆಗೆ ಬೇರೆ ಬೀಗ ಹಾಕಿ ಕೀ ನನ್ನ ಹತ್ತಿರ ಇಟ್ಟುಕೊಂಡಿದ್ದೇನೆ. ಅದನ್ನು ಬಾಡಿಗೆಗೆ ಕೊಡುವುದಿಲ್ಲ. ಮುಂಬಾಗಿಲಿನ ನಂಬರನ್ನು ನಿನಗೆ ಬರೆಯುತ್ತಿಲ್ಲ. ನಂಬರು ಬಾಡಿಗೆಯವರಿಗೆ. ನಿನ್ನ ಮನೆಗೆ ನೀನು ಬರುವಾಗ ನಾನು ಇರುತ್ತೇನೆ.

ಬರುತ್ತೀಯಾ ಎಂದು ಈ ಸಲ ಕೇಳಿಲ್ಲ, ನೋಡು.

ಸಜೀವನ ತಂಗಿ ಜಿಷಾಳ ಮದುವೆ ಅಕ್ಟೋಬರ್ ಎರಡನೆಯ ವಾರ ಕಲ್ಲಿಕೋಟೆಯಲ್ಲಿ. ನಾವು ಶುಕ್ರವಾರ ಹೋಗಿ ಸೋಮವಾರ ಬರುತ್ತೇವೆ. ಆ ದಿನಗಳಿಗೆ ಬುಕಿಂಗ್ ತೆಗೆದುಕೊಂಡಿಲ್ಲ. ನಿನ್ನನ್ನೂ ದೊಡ್ಡಮ್ಮನನ್ನೂ ಕರೆಯಲು ಸಜೀವನ ಅಮ್ಮ ಫೋನ್ ಮಾಡುತ್ತಾರೆ. ಅವರ ಹತ್ತಿರ ಕಾಲಿನ ನೆಪ ಹೇಳಬೇಡ. ಅವರಿಗೂ ಬಾಬು ಹೇಳಿದ್ದಾನೆ.

ಅರ್ಚನಾ


ಪೆರಿಕಲ್ಲೂರು
12 ಅಕ್ಟೋಬರ್ 2025, ಭಾನುವಾರ

ಕೂಸೇ,

ಇದನ್ನು ನಮ್ಮ ಮನೆಯ ಮೇಜಿನ ಮುಂದೆ ಕೂತು ಬರೆಯುತ್ತಿದ್ದೇನೆ. ಓದುವಾಗ ನಾನು ವಾಪಸು ಹೋಗಿರುತ್ತೇನೆ. ಕೋಪ ಬಂದರೆ ಬರಲಿ, ಪೂರ್ತಿ ಓದು.

ನಿನ್ನೆ ಬಾಬು ಗಾಡಿಯಲ್ಲಿ ಸುಲ್ತಾನ್ ಬತ್ತೇರಿಗೆ ಬಂದು ಅಲ್ಲಿಂದ ಬಸ್ಸು ಹತ್ತಿದೆ. ಪುಲ್ಪಳ್ಳಿಯಲ್ಲಿ ಬಸ್ಸು ನಿಂತಾಗ ನಿಮ್ಮ ಮನೆ ಕಡೆಯ ರಸ್ತೆ ಕಾಣಿಸಿತು. ಇಳಿಯಲಿಲ್ಲ. ನೀವು ಊರಲ್ಲಿ ಇಲ್ಲವೆಂದು ಗೊತ್ತಿದ್ದೇ, ಮದುವೆ ತಪ್ಪಿಸಿ ಬಂದೆ. ನೀನು ಬಾಗಿಲಲ್ಲಿ ನಿಂತಿದ್ದರೆ ನಾನು ಇಲ್ಲೇ ಉಳಿದುಬಿಡುತ್ತಿದ್ದೆ. ನೀನು ಏನೂ ಕೇಳದಿದ್ದರೂ ಉಳಿದುಬಿಡುತ್ತಿದ್ದೆ.

ಚೀಲದಲ್ಲಿ ನನ್ನ ಕೀ ಇತ್ತು. ಹಾಕಲು ಹೋದರೆ ಬಾಗಿಲಲ್ಲಿ ತೂತೇ ಇಲ್ಲ. ನೀನು ಬರೆದಿದ್ದೆ, ಆದರೂ ಕೈ ಹಳೆಯ ಜಾಗಕ್ಕೇ ಹೋಯಿತು. ಕಾಳನ್ ಕಡವಿನಿಂದ ನೋಡಿ, “ಯಾರು, ಗೆಸ್ಟಾ?” ಎಂದು ಕೂಗಿದ. ಹೌದು ಎಂದೆ. ಹತ್ತಿರ ಬಂದು ಗುರುತು ಹಿಡಿದು, “ಅಯ್ಯೋ ಸಣ್ಣಮ್ಮಕ್ಕ, ನಿಮಗೂ ನಂಬರು ನಾನೇ ಹೇಳಬೇಕಾ?” ಎಂದ. ಹೇಳಿದ. ಒತ್ತಿದೆ. ಬೀಗ ಕುಂಯ್ ಅಂದಿತು. ಅಭ್ಯಾಸಕ್ಕೆ ಸೊಂಟ ಕೊಟ್ಟು ತಳ್ಳಿದೆ, ಬಾಗಿಲು ಗಾಳಿಯ ಹಾಗೆ ಹೋಗಿ ಗೋಡೆಗೆ ಹೊಡೆಯಿತು, ನಾನು ಮುಗ್ಗರಿಸಿ ಒಳಗೆ ಬಂದೆ. ಕಾಳನ್ ನಕ್ಕ. ಅವನು ಹೊರಗೇ ನಿಂತಿದ್ದ. ಗೆಸ್ಟ್ ಬಂದರೆ ಒಳಗೆ ಬರಬಾರದೆಂದು ನೀನು ಹೇಳಿದ್ದೀಯಂತೆ. ನಾನೇ ಕರೆದೆ.

ನನ್ನ ಕೋಣೆಗೆ ಬೀಗ. ಆದ್ದರಿಂದ ಮುಂದಿನ ಕೋಣೆಯಲ್ಲಿ ಮಲಗಿದೆ, ಬಂದವರು ಮಲಗುವ ಮಂಚದಲ್ಲಿ. ಆ ಕಿಟಕಿಯಿಂದ ಹೊಳೆ ಅಷ್ಟು ಹತ್ತಿರ ಕಾಣುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ದಿನಾ ಗುಡಿಸಿದ ಕೋಣೆ, ಅಲ್ಲಿ ಮಲಗಿ ನೋಡಿರಲಿಲ್ಲ.

ನೀನು ಕೇಳಿದ್ದಕ್ಕೆ ಈಗ ಬರೆಯುತ್ತೇನೆ. ಒಲೆ ದೂರ ಇದೆ.

ನಾನು ಈ ಮನೆಗೆ ಬಂದದ್ದು ಒಂದೇ ಸಲ, ಮದುವೆಯಾಗಿ. ಆಮೇಲೆ ಬಂದವರೆಲ್ಲ ಬೇರೆಯವರು. ನಿಮ್ಮಪ್ಪ ಆಚೆ ದಡದ ಸಂತೆಯಿಂದ ಬರುವುದು, ನೀನು ಶಾಲೆಯಿಂದ ಬರುವುದು, ಅಪ್ಪ ಹೋದ ಮೇಲೆ ಬಾಡಿಗೆಯವರು ಬರುವುದು. ಬಾಗಿಲು ತೆಗೆದವಳು ನಾನು. ಬೇಜಾರಿನಿಂದ ತೆಗೆಯಲಿಲ್ಲ, ಅದನ್ನು ತಿಳಿದುಕೋ. ಬಂದವರ ಮುಖ ನೋಡುವುದು ನನಗೆ ಇಷ್ಟವಿತ್ತು. ಕಾಯುವಾಗ ಏನು ಮಾಡುತ್ತಿದ್ದೆ ಎಂದು ಕೇಳಿದ್ದೆಯಲ್ಲ. ಏನೂ ಮಾಡುತ್ತಿರಲಿಲ್ಲ. ಯಾರು ಬರಬಹುದು ಎಂದು ಯೋಚಿಸುತ್ತಿದ್ದೆ.

ಅಕ್ಕನ ಮನೆಗೆ ಹೋದ ಮೇಲೆ, ಮೊದಲ ಸಲ ಮಂಡಿಗೆ ಹೋಗಿ ಹೂ ಮಾರಿ, ಬಿಸಿಲೇರಿದ ಮೇಲೆ ನಡೆದು ವಾಪಸು ಬಂದೆ. ಅಕ್ಕ ಹೊಸ್ತಿಲಲ್ಲಿ ಕಾಲು ಚಾಚಿ ಕೂತಿದ್ದಳು. “ಬಂದಾ? ಏನ್ ರೇಟಾಯ್ತು, ಯಾರ್ ಸಿಕ್ಕಿದ್ರು, ಹೇಳು” ಎಂದಳು. ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಕೇಳುವುದಕ್ಕೆ ನಾನು ಎಲ್ಲಿಂದಲೂ ಬಂದಿರಲಿಲ್ಲ. ಅವಳ ಕಾಲು ಜೂನ್‌ನಲ್ಲೇ ಸರಿಯಾಯಿತು. ಇನ್ನೊಂದು ದಿನ ಹೀಗೆ ಹೊರಗಿಂದ ಬರುವವಳಾಗಿರುತ್ತೇನೆ, ಇನ್ನೊಂದು ದಿನ ಎಂದು ಅಲ್ಲೇ ಇದ್ದೆ. ಅಷ್ಟೇ ಕಾರಣ. ಬರೆದರೆ ನಿನಗೆ ನೋವಾಗುತ್ತದೆ, ಬರೆಯದಿದ್ದರೆ ನೀನು ಬಾಗಿಲು ಕೀಸಿಸದೆ ಕಾಯುತ್ತೀಯ.

ಈ ಮನೆಯಲ್ಲಿ ಇರುವುದಕ್ಕೆ ನಾನು ಬರುವುದಿಲ್ಲ ಕೂಸೇ. ನನ್ನ ಕೋಣೆಯ ಬೀಗ ತೆಗೆ. ಸೈಟಿನಲ್ಲಿ ಮೂರು ಕೋಣೆ ಎಂದು ಬರೆ.

ಹಾಸಿಗೆ ಬಟ್ಟೆ ತೆಗೆದು ಮಡಿಸಿಟ್ಟಿದ್ದೇನೆ. ಗೋಡೆಗೆ ಅಂಟಿಸಿದ ನಿಮ್ಮ ನಿಯಮದಲ್ಲಿ ಹಾಗೆ ಮಾಡಿ ಎಂದಿತ್ತು.

ನಿನ್ನ ಅವ್ವ
ಸಣ್ಣಮ್ಮ


ಪುಲ್ಪಳ್ಳಿ
28 ಅಕ್ಟೋಬರ್ 2025

ಅವ್ವ,

ಮದುವೆಯಿಂದ ಬಂದ ಮರುದಿನ, ಬಾಡಿಗೆಯವರು ಬರುವ ಮೊದಲು ಮನೆ ನೋಡಿಕೊಳ್ಳಲು ಹೋದೆ. ಕಾಗದ ನೋಡುವ ಮೊದಲು ಹಾಸಿಗೆ ಬಟ್ಟೆ ನೋಡಿದೆ. ಅಂಚಿಗೆ ಅಂಚು ಕೂರಿಸಿ ಮಡಿಸುವವರು ಬೇರೆ ಯಾರೂ ಇಲ್ಲ. ನೀನು ಒಳಗಿದ್ದೀಯ ಎಂದುಕೊಂಡು ಅಡುಗೆಮನೆಗೆ ಹೋದೆ. ಆಮೇಲೆ ಹಿತ್ತಿಲಿಗೆ. ಆಮೇಲೆ ಮೇಜಿನ ಹತ್ತಿರ ಬಂದೆ.

ಕೋಪ ಬಂತು. ಬಸ್ಸಿನಿಂದ ಇಳಿಯದೆ ಹೋದದ್ದಕ್ಕೆ ಬಂತು, ಕಾಳನ್‌ಗೆ ತಿಳಿದದ್ದು ನನಗೆ ತಿಳಿಯಲಿಲ್ಲ ಎಂದು ಬಂತು. ಅವನನ್ನು ಕೇಳಿದೆ. “ಹೇಳಬೇಡ ಎಂದರು. ನೀನು ಕೇಳಿದರೆ ಹೇಳು ಎಂದರು. ನೀನು ಈಗ ಕೇಳಿದ್ದು,” ಎಂದ. ಸಜೀವ್ ನಿನ್ನ ಕಾಗದ ಕೇಳಿದ, ಅವನಿಗೆ ಕನ್ನಡ ಓದಲು ಬರುವುದಿಲ್ಲ, ನಾನೇ ಓದಿ ಹೇಳಬೇಕಾಯಿತು. ಜೋರಾಗಿ ಓದುವಾಗ ನಿನ್ನ ದನಿಯಲ್ಲಿ ದೂರು ಎಲ್ಲಿಯೂ ಇಲ್ಲವೆಂದು ಕೇಳಿಸಿತು. ಮನಸ್ಸಿನಲ್ಲಿ ಓದಿದಾಗ ಎಲ್ಲ ಸಾಲಿನಲ್ಲೂ ಇದ್ದ ಹಾಗಿತ್ತು. ಅದನ್ನು ಸೇರಿಸಿ ಓದಿದವಳು ನಾನೇ ಇರಬೇಕು.

ಓದಿ ಮುಗಿದ ಮೇಲೆ ಅವನು, “ಅಮ್ಮ ಹೋದದ್ದಲ್ಲ ಅದು, ಬೇರೆ ಕಡೆ ಬಂದದ್ದು,” ಎಂದ. ಜೀಪು ಓಡಿಸುವವನು ಕೆಲವು ಸಲ ಹೀಗೆ ಮಾತಾಡುತ್ತಾನೆ. ಆಮೇಲೆ ಮೀನು ತರಲು ಹೋದ.

ನಿನ್ನ ಕೋಣೆಯ ಬೀಗ ತೆಗೆದೆ. ಕಿಟಕಿ ತೆರೆದಿಟ್ಟು ಬಂದೆ. ಮೂರು ಕೋಣೆ ಎಂದು ಇನ್ನೂ ಬರೆದಿಲ್ಲ. ಅದಕ್ಕೆ ಸ್ವಲ್ಪ ದಿನ ಕೊಡು. ನೀನು ನನಗೆ ಬರೆಯಲು ಎಷ್ಟು ದಿನ ತೆಗೆದುಕೊಂಡೆಯೋ ಅಷ್ಟು ಬೇಡ, ಅದಕ್ಕಿಂತ ಕಡಿಮೆ ಸಾಕು.

ಬಂದುಬಿಡು ಎಂದು ಇನ್ನು ಬರೆಯುವುದಿಲ್ಲ. ಬಂದು ಹೋಗುತ್ತಿರು. ಇಳಿಯುವುದು ಪುಲ್ಪಳ್ಳಿಯಲ್ಲಿ.

ಈ ಶನಿವಾರ ಸೊಸೈಟಿಗೆ ರಜೆ ಹಾಕಿದ್ದೇನೆ. ರಾತ್ರಿ ಮುಚ್ಚಿದ ಕಾಡಿನ ಗೇಟು ಬೆಳಿಗ್ಗೆ ತೆರೆದ ಕೂಡಲೇ ದಾಟಿದರೆ ನೀನು ಮಂಡಿಯಿಂದ ತಿರುಗುವ ಮೊದಲೇ ದೊಡ್ಡಮ್ಮನ ಮನೆ ಮುಟ್ಟಬಹುದು ಎಂದು ಬಾಬು ಹೇಳುತ್ತಾನೆ. ನಾನು ಬರುತ್ತೇನೆಂದು ನೀನು ಬೇಗ ಮುಗಿಸಬೇಡ. ಒಳ್ಳೆಯ ಬೆಲೆ ಸಿಗುವ ತನಕ ಕೂತಿರು, ಬೇಕಾದವರ ಹತ್ತಿರ ಮಾತಾಡು, ನಿಧಾನವಾಗಿ ನಡೆದು ಬಾ. ಬಾಗಿಲಲ್ಲಿ ನಾನು ಇರುತ್ತೇನೆ. ಏನು ರೇಟಾಯಿತು, ಯಾರು ಸಿಕ್ಕಿದರು ಎಂದು ಕೇಳುತ್ತೇನೆ. ಎಲ್ಲ ಹೇಳು.

ಅರ್ಚನಾ